ಏಳೂಕಾಲರ ಮೂರು ಮೆಟ್ಟಿಲು

ನಮ್ಮೂರಲ್ಲಿ ಸುಳ್ಳು ಹೇಳಬೇಕಾದರೆ ಮೊದಲು ಸ್ಟೇಷನ್ನಿಗೆ ಚೀಟಿ ಕೊಡಬೇಕು. ಸ್ಟೇಷನ್ ಅಂದರೆ ಪೊಲೀಸರದಲ್ಲ, ರೈಲಿನದೂ ಅಲ್ಲ, ಕರೆಂಟಿನದು. ಊರಿನ ನೆತ್ತಿಯ ಮೇಲೆ ಇನ್ನೂರ ಇಪ್ಪತ್ತು ಕಿಲೋವೋಲ್ಟಿನ ತಂತಿ ಹಾದುಹೋಗುತ್ತದೆ. ಅದರ ಕೆಳಗೆ ಯಾರಾದರೂ ಬಾಯಿಬಿಟ್ಟು ಸುಳ್ಳು ಹೇಳಿದರೆ ವೋಲ್ಟೇಜ್ ಇಳಿಯುತ್ತದೆ. ಸಣ್ಣ ಸುಳ್ಳಾದರೆ ಆ ಮನೆಯ ಬಲ್ಬ್ ಮಂಕಾಗುತ್ತದೆ, ನಡುತರದ್ದಾದರೆ ಬೀದಿದೀಪ, ದೊಡ್ಡದಾದರೆ ಹಿಟ್ಟಿನ ಗಿರಣಿಯೇ ನಿಲ್ಲುತ್ತದೆ. ಅರ್ಧ ಬೀಸಿದ ರಾಗಿ ಕಲ್ಲಿನ ನಡುವೆ ಸಿಕ್ಕಿಕೊಂಡಿತೆಂದರೆ ಗಿರಣಿ ಫಕೀರಪ್ಪ ಮೈಯೆಲ್ಲ ಹಿಟ್ಟು ಮಾಡಿಕೊಂಡು ಬೀದಿಗೆ ಬಂದು, "ಯಾವನಪ್ಪಾ ಇಷ್ಟು ದಪ್ಪದ್ದು ಬಿಟ್ಟೋನು?" ಎಂದು ಕೂಗುತ್ತಾನೆ.

ಅದಕ್ಕೇ ಚೀಟಿ. ಸ್ಟೇಷನ್ನಿನ ಗೇಟಿನಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಮೊದಲು ಅದರ ಮೇಲೆ 'ದೂರುಗಳು' ಎಂದು ಬರೆದಿತ್ತು. ದೂರು ಹಾಕುವವರು ಯಾರೂ ಬರಲಿಲ್ಲ, ಸುಳ್ಳು ಹೇಳುವವರು ದಿನಾ ಬಂದರು. ಚೀಟಿಯಲ್ಲಿ ಹೊತ್ತು ಮತ್ತು ಗಾತ್ರ ಬರೆದರೆ ಸಾಕು, ಏನು ಸುಳ್ಳು ಎಂದು ನಾನು ಕೇಳುವುದಿಲ್ಲ. ಕೆಲವರು ತಾವಾಗಿಯೇ ಬರೆಯುತ್ತಾರೆ: "ಶುಕ್ರವಾರ ಸಂಜೆ ಐದು. ಮಧ್ಯಮ. ಹೆಣ್ಣು ನೋಡಕ್ಕೆ ಬರ್ತಾರೆ." "ಬೆಳಗ್ಗೆ ಹತ್ತು. ಸಣ್ಣದು. ಆಸ್ಪತ್ರೆಲಿರೋ ಅಜ್ಜಿನ ಮಾತಾಡ್ಸಕ್ಕೆ." ಬರವಣಿಗೆಯ ಸುಳ್ಳಿಗೆ ತಂತಿ ತಲೆ ಕೆಡಿಸಿಕೊಳ್ಳುವುದಿಲ್ಲ, ಬಾಯಿಂದ ಬಂದದ್ದೇ ಆಗಬೇಕು. ಚುನಾವಣೆಯ ಭಾಷಣಗಳನ್ನು ಮಾತ್ರ ಊರಿನ ಗಡಿಕಲ್ಲು ದಾಟಿ ಆಚೆ ಬಯಲಲ್ಲಿ ಇಟ್ಟುಕೊಳ್ಳುತ್ತಾರೆ. ಅಷ್ಟನ್ನು ತಡೆದುಕೊಳ್ಳುವ ತಾಕತ್ತು ನಮ್ಮ ಸ್ಟೇಷನ್ನಿಗಿಲ್ಲ.

ನಮ್ಮಲ್ಲಿರುವುದು ಮೂರೇ ಕೆಪಾಸಿಟರ್ ಬ್ಯಾಂಕು. ವೋಲ್ಟೇಜ್ ಬಿದ್ದಾಗ ಒಂದರ ಸ್ವಿಚ್ ತಿರುಗಿಸಿದರೆ ಅದು ಕೈಕೊಟ್ಟು ಮೇಲೆತ್ತುತ್ತದೆ. ಕೈ ಕೊಡುವುದು ಎಂಬ ಮಾತನ್ನು ಒಳ್ಳೆಯ ಅರ್ಥದಲ್ಲಿ ಬಳಸಬಹುದಾದ ಜಾಗ ನಮ್ಮೂರಲ್ಲಿ ಇದೊಂದೇ. ಒಮ್ಮೆ ಹಾಕಿ ತೆಗೆದ ಬ್ಯಾಂಕಿಗೆ ಹತ್ತು ನಿಮಿಷ ವಿಶ್ರಾಂತಿ ಬೇಕು. ಈ ಮೂರು ಸ್ವಿಚ್ಚುಗಳ ಮುಂದೆ ಮೂವತ್ತೊಂದು ವರ್ಷದಿಂದ ಕೂತಿರುವವನು ನಾನು, ಆಪರೇಟರ್ ಹೊನ್ನಪ್ಪ. ಊರಿನವರ ಲೆಕ್ಕದಲ್ಲಿ ಸುಳ್ಳಿಗೆ ಬೆಳಕು ಹಿಡಿಯುವವನು.

ಮನೆಯಲ್ಲಿ ನನಗೂ ರಿಯಾಯಿತಿ ಇಲ್ಲ. ಊಟಕ್ಕೆ ಕೂತಾಗ ಹೆಂಡತಿ ಸಾಕಮ್ಮ "ಸಾರು ಹೆಂಗಿದೆ?" ಎಂದು ಕೇಳಿ ನನ್ನ ಮುಖ ನೋಡುವುದಿಲ್ಲ, ಬಲ್ಬ್ ನೋಡುತ್ತಾಳೆ. ನಾನು "ಇನ್ನೊಂದು ಸೌಟು ಹಾಕು" ಎನ್ನುತ್ತೇನೆ. ನಮ್ಮೂರಿನ ಗಂಡಸರೆಲ್ಲ ಹೀಗೇ ತೆಳ್ಳಗಿನ ಸಾರು ಕುಡಿದು ದಪ್ಪಗಾದವರು.

ಇಂಥ ಊರಿಗೆ ಕಳೆದ ಅಕ್ಟೋಬರಿನಲ್ಲಿ ಡಾಕ್ಟರ್ ವಾರಿಜಾ ಬಂದರು. ಅವರಿಗಿಂತ ಮೊದಲು ಮೇಲಿನಿಂದ ಕಾಗದ ಬಂದಿತ್ತು: ಹೈವೋಲ್ಟೇಜ್ ತಂತಿಯ ವರ್ತನೆ ಅಧ್ಯಯನ ಮಾಡಲು ಪೋಸ್ಟ್ ಡಾಕ್ಟರಲ್ ಸಂಶೋಧಕರು ಬರುತ್ತಾರೆ, ಸಹಕರಿಸಿ.

"ಪೋಸ್ಟ್ ಡಾಕ್ಟ್ರು ಅಂದ್ರೆ ಅಂಚೆ ಆಫೀಸಿನೋರಾ?" ಎಂದು ಒಬ್ಬರು ಕೇಳಿದರು.

"ಅಲ್ಲ ಕಣಯ್ಯ, ಪೋಸ್ಟ್ ಅಂದ್ರೆ ಕಂಬ. ಕಂಬದ ಡಾಕ್ಟ್ರು," ಎಂದ ಫಕೀರಪ್ಪ. ಮಾರನೆಯ ದಿನವೇ ತನ್ನ ಗಿರಣಿಯ ಮುಂದೆ ವಾಲಿಕೊಂಡಿದ್ದ ಕಂಬವನ್ನು ತೋರಿಸಲು ಅವರನ್ನು ಕರೆದುಕೊಂಡು ಹೋದ. ವಾರಿಜಾ ಪಾಪ ಕಂಬವನ್ನು ಸುತ್ತು ಹಾಕಿ ನೋಡಿ, ಆಮೇಲೆ ವಿವರಿಸಿದರು: ಡಾಕ್ಟರೇಟ್ ಮುಗಿದ ಮೇಲೆ ಮಾಡುವ ಸಂಶೋಧನೆಗೆ ಹಾಗೆನ್ನುತ್ತಾರೆ.

"ಓದು ಮುಗಿದ್ಮೇಲೂ ಓದು ಬಿಡ್ಲಿಲ್ವಾ ನಿಮ್ಮನ್ನ?" ಎಂದು ಫಕೀರಪ್ಪ ನಿಜವಾಗಿಯೂ ಮರುಗಿದ. ಮೇಲಿದ್ದ ಬೀದಿದೀಪ ಅಲುಗಲಿಲ್ಲ.

ಅವರ ಕೆಲಸ ಎರಡು ಭಾಗದ್ದು. ಮೊದಲು ನಮ್ಮ ತಂತಿಯನ್ನು ಕಂಪ್ಯೂಟರಿನೊಳಗೆ ಲೆಕ್ಕದಲ್ಲಿ ಕಟ್ಟಬೇಕು: ಇಲ್ಲಿ ಇಂಥದ್ದಾದರೆ ಅಲ್ಲಿ ಇಷ್ಟು ಇಳಿಯುತ್ತದೆ ಎಂದು ಆ ಲೆಕ್ಕ ಮೊದಲೇ ಹೇಳಬೇಕು. ಅದು ಕೂಡಿದ ಮೇಲೆ, ಇಳಿತ ಕಂಡ ಕೂಡಲೇ ತಾನೇ ಸರಿಪಡಿಸುವ ಯಂತ್ರ. ಮಾರ್ಚ್ ಕೊನೆಯೊಳಗೆ ಎರಡೂ ಆಗದಿದ್ದರೆ ಫೆಲೋಶಿಪ್ ಮುಗಿಯುತ್ತದೆ, ಆರು ವರ್ಷದ ಕೆಲಸ ಕಟ್ಟಿಟ್ಟು ಮನೆಗೆ ಹೋಗಬೇಕು. ಎರಡು ಸಲ ಗಡುವು ಮುಂದೂಡಿಸಿಕೊಂಡಾಗಿತ್ತು, ಮೂರನೆಯ ಸಲ ಕೊಡುವುದಿಲ್ಲ ಎಂದಿದ್ದರಂತೆ.

ಸುಳ್ಳಿನ ವಿಷಯ ಹೇಳಿದಾಗ ಎರಡು ದಿನ ನಕ್ಕರು. ಮೂರನೆಯ ದಿನ ಒಂದು ಮದುವೆ ಮಾತುಕತೆಯಲ್ಲಿ ಮೀಟರ್ ಹಿಡಿದು ಕೂತು ಬಂದರು, ಆಮೇಲೆ ನಗಲಿಲ್ಲ. ನಾನು ಗೋಣಿಚೀಲದಲ್ಲಿ ತುಂಬಿಟ್ಟಿದ್ದ ಮೂವತ್ತೊಂದು ವರ್ಷದ ಚೀಟಿಗಳನ್ನೆಲ್ಲ ಕೂತು ಕಂಪ್ಯೂಟರಿಗೆ ಏರಿಸಿದರು. ಆದರೆ ಅದೆಲ್ಲ ಈ ಊರಿನವರ ಸಮಾಚಾರ ಎಂದುಕೊಂಡಿದ್ದರು. ನೀರು ಬದಲಾದರೆ ನೆಗಡಿ ಹೊರಗಿನವರಿಗೆ ಬರುತ್ತದೆ, ಸುಳ್ಳಿನ ಇಳಿತ ಹೊರಗಿನವರಿಗೆ ಬರುವುದಿಲ್ಲ ಎಂಬ ಧೈರ್ಯ.

ಅವರಿಗೆ ಸ್ಟೇಷನ್ನಿನ ಹಿಂದಿನ ಕೋಣೆಯನ್ನೇ ಬಿಟ್ಟುಕೊಟ್ಟಿದ್ದೆವು. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಯಾರ್ಡಿನ ಬೇಲಿ ಪಕ್ಕದ ಹೊಂಗೆಮರದಡಿಯ ಕಲ್ಲುಬೆಂಚಿನಲ್ಲಿ. ಬಂದ ದಿನ ಸಂಜೆ ಏಳೂಕಾಲಕ್ಕೆ ಆ ಬೆಂಚಿನ ಮೇಲೆ ಬಯಲಿಗೆ ಮುಖ ಮಾಡಿ ಕೂತು ಅಪ್ಪನಿಗೆ ಫೋನ್ ಮಾಡಿದರು.

"ಊಟ ಆಯ್ತಪ್ಪಾ."

ಗಿರಣಿ ನಿಂತಿತು. ಆ ಬೆಂಚು ಇರುವುದು ತಂತಿ ಸ್ಟೇಷನ್ನಿಗೆ ಇಳಿಯುವ ಜಾಗದಲ್ಲಿ, ಅಲ್ಲಿ ಸಾಸಿವೆ ಗಾತ್ರದ ಸುಳ್ಳೂ ಕುಂಬಳಕಾಯಿಯಷ್ಟು ತೂಗುತ್ತದೆ.

"ನಾನ್ ಚೆನ್ನಾಗಿದೀನಿ." ಬೀದಿದೀಪ ಕೆಂಪಗಾಯಿತು. "ಕೆಲಸ ಇನ್ನೇನು ಮುಗೀತಾ ಬಂತು." ಇಡೀ ಊರು ಕಣ್ಣು ಮುಚ್ಚಿ ತೆಗೆದಂತಾಯಿತು.

ಹತ್ತು ನಿಮಿಷದಲ್ಲಿ ಫಕೀರಪ್ಪ ಗೇಟಿಗೆ ಬಂದ. "ಯಾರ್ದು ಹೊನ್ನಪ್ಪಾ? ಚೀಟಿ ಇಲ್ದೆ ಸಾಲಾಗಿ ಮೂರು!"

ಗೊತ್ತಿಲ್ಲ ಎನ್ನಬಹುದಿತ್ತು. ಟ್ಯೂಬ್‌ಲೈಟ್ ನನ್ನ ನೆತ್ತಿಯ ಮೇಲೇ ಇತ್ತು. "ಇನ್ಮೇಲೆ ಆಗಲ್ಲ. ನಾನ್ ನೋಡ್ಕೋತೀನಿ," ಎಂದೆ. ಮಾತು ಕೊಟ್ಟದ್ದು ಸುಳ್ಳೋ ನಿಜವೋ ಎಂದು ತಂತಿಗೂ ಆಗ ಗೊತ್ತಿರಲಿಲ್ಲ, ಸುಮ್ಮನಿತ್ತು.

ಅವರ ಕೋಣೆಗೆ ಸಾಕಮ್ಮ ಕಳಿಸುತ್ತಿದ್ದ ಊಟದ ಕ್ಯಾರಿಯರ್ ತುಂಬಿದ್ದು ತುಂಬಿದ ಹಾಗೇ ವಾಪಸಾಗುತ್ತಿತ್ತು. ಮೇಜಿನ ಮೇಲೆ ಬಿಸ್ಕತ್ತಿನ ಖಾಲಿ ಪೊಟ್ಟಣ, ಪತ್ರಿಕೆಯವರು ತಿರಸ್ಕರಿಸಿ ಕಳಿಸಿದ ಎರಡು ಪ್ರಬಂಧ. ಬಂದಾಗ ಬಹುವಚನದಲ್ಲಿದ್ದ ಡಾಕ್ಟರ್ ವಾರಿಜಾ, ಆ ಪೊಟ್ಟಣ ನೋಡಿದ ದಿನ ನನ್ನ ಮನಸ್ಸಿನಲ್ಲಿ ಏಕವಚನಕ್ಕೆ ಇಳಿದಳು. ಬಾಯಲ್ಲಿ ಮಾತ್ರ ಡಾಕ್ಟ್ರಮ್ಮ ಎಂದೇ ಉಳಿಸಿಕೊಂಡೆ.

ಮಾರನೆಯ ಸಂಜೆಯಿಂದ ಏಳೂಕಾಲಕ್ಕೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಸ್ವಿಚ್ ಬೇಗ ತಿರುಗಿಸಿದರೆ ವೋಲ್ಟೇಜ್ ಏರಿ ಬಲ್ಬುಗಳು ಸುಟ್ಟುಹೋಗುತ್ತವೆ, ತಡವಾದರೆ ಗಿರಣಿ ನಿಲ್ಲುತ್ತದೆ. ಸುಳ್ಳು ಬಾಯಿಂದ ಹೊರಬೀಳುವ ಗಳಿಗೆಗೇ ತಿರುಗಿಸಬೇಕು. ನಾಲ್ಕು ದಿನದಲ್ಲಿ ಗುಟ್ಟು ಸಿಕ್ಕಿತು: ಸುಳ್ಳು ಹೇಳುವ ಮುನ್ನ ಅವಳ ಎಡಗೈ ಜಡೆಯ ತುದಿಗೆ ಹೋಗುತ್ತಿತ್ತು. ಅವಳ ಕೈ ಜಡೆಗೆ, ನನ್ನ ಕೈ ಸ್ವಿಚ್ಚಿಗೆ. ಊಟಕ್ಕೊಂದು, ಚೆನ್ನಾಗಿರುವುದಕ್ಕೊಂದು, ಕೆಲಸಕ್ಕೊಂದು. ಮೂರು ಸುಳ್ಳು, ಮೂರು ಬ್ಯಾಂಕು. ಸಾಲದೆ ಹೋಗಲಿಲ್ಲ, ಮಿಗಲೂ ಇಲ್ಲ. ಊರಿನಲ್ಲಿ ಒಂದು ಬಲ್ಬೂ ಮಿಣುಕಲಿಲ್ಲ. ರಿಜಿಸ್ಟರಿನಲ್ಲಿ ಹೊತ್ತು ಬರೆದು, 'ಕಾರಣ' ಎಂಬ ಕಡೆ ಖಾಲಿ ಬಿಟ್ಟೆ.

ಆ ಖಾಲಿಯೇ ಅವಳಿಗೆ ಮುಳ್ಳಾಯಿತು. ಮುಂದಿನ ವಾರ ಅವಳ ಅಳತೆಯ ಪೆಟ್ಟಿಗೆಗಳು ಬಂದು ಗೋಡೆಗೆ ಕೂತವು. ಜನವರಿ ಹೊತ್ತಿಗೆ ಅವಳ ಲೆಕ್ಕ ಊರಿನ ಪ್ರತಿ ಇಳಿತವನ್ನೂ ಹೇಳುವಷ್ಟಾಯಿತು. ಸೀಮಂತದ ಸುಳ್ಳು, ಬಾಡಿಗೆ ಮನೆಯ ಸುಳ್ಳು, ವಯಸ್ಸಿನ ಸುಳ್ಳು, ಎಲ್ಲ ಗೆರೆಯ ಮೇಲೆ ಗೆರೆ ಕೂತಂತೆ. ಒಂದು ಬಿಟ್ಟು. ದಿನಾ ಏಳೂಕಾಲಕ್ಕೆ ಅವಳ ನಕ್ಷೆಯಲ್ಲಿ ಮೂರು ಮೆಟ್ಟಿಲು ಏಳುತ್ತಿದ್ದವು, ಸ್ವಲ್ಪ ಹೊತ್ತಾದ ಮೇಲೆ ಇಳಿಯುತ್ತಿದ್ದವು. ಬ್ಯಾಂಕು ಹಾಕಿದ್ದು ಕಾಣುತ್ತದೆ, ಯಾಕೆ ಹಾಕಿದ್ದು ಎಂಬುದು ಕಾಣುವುದಿಲ್ಲ. ಕಾರಣವಿಲ್ಲದ ಮೂರು ಮೆಟ್ಟಿಲಿದ್ದರೆ ಇಡೀ ಲೆಕ್ಕವೇ ತಪ್ಪು ಎನ್ನುತ್ತಾರಂತೆ ಮೇಲಿನವರು.

"ಹೊನ್ನಪ್ಪ ಸಾರ್, ದಿನಾ ಏಳೂಕಾಲಕ್ಕೆ ಮೂರು ಬ್ಯಾಂಕ್ ಯಾರು ಹಾಕೋದು?"

"ನಾನೇ."

"ಯಾಕೆ?"

"ಕಾಫಿ ಕುಡೀತೀರಾ?"

"ಅದಕ್ಕೆ ಚೀಟಿ ಎಲ್ಲಿದೆ?"

"ಸಕ್ಕರೆ ಒಂದು ಚಮಚನಾ, ಎರಡಾ?"

ಅವಳು ಮೇಲಿನ ದೀಪ ನೋಡಿದಳು. ಪ್ರಶ್ನೆಯಲ್ಲಿ ಸುಳ್ಳಿರುವುದಿಲ್ಲವಲ್ಲ, ದೀಪ ಉರಿಯುತ್ತಲೇ ಇತ್ತು.

ಮನೆಯಲ್ಲಿ ಸಾಕಮ್ಮ ಬಯ್ದಳು. "ಹೇಳ್ಬಿಡ್ರೀ ಆ ಹುಡುಗಿಗೆ. ಅವಳ ಕೆಲಸಕ್ಕೇ ಸಂಚಕಾರ ಬಂದಿದೆ."

"ಹೇಳಿದ್ರೆ ನಾಳೆಯಿಂದ ಅಪ್ಪನಿಗೆ ಏನ್ ಹೇಳ್ತಾಳೆ?"

"ನಿಜ ಹೇಳ್ತಾಳೆ."

"ಅದಕ್ಕೇ ನಾನ್ ಹೇಳಿಲ್ಲ."

ಅವಳ ಅಪ್ಪ ಶಂಭುಲಿಂಗಾಚಾರ್ರು ಬೇರೊಂದು ಊರಿನಲ್ಲಿ ಒಬ್ಬರೇ ಇದ್ದರು, ತಕ್ಕಡಿ ರಿಪೇರಿಯ ಅಂಗಡಿ. ಮಗಳ ಆ ಮೂರು ಮಾತು ಕೇಳಿ ಆ ಮನುಷ್ಯ ನಿಶ್ಚಿಂತೆಯಿಂದ ಮಲಗುತ್ತಿದ್ದರೆ, ಅದನ್ನು ಕಿತ್ತುಕೊಳ್ಳಲು ನಾನ್ಯಾರು? ಹೀಗೆಂದುಕೊಂಡು ಐದು ತಿಂಗಳು ತಳ್ಳಿದೆ. ಮಾರ್ಚ್ ಬಂತು. ಹನ್ನೆರಡು ದಿನ ಉಳಿದವು. ಅವಳ ಕಣ್ಣ ಕೆಳಗೆ ಕಪ್ಪು ಇಳಿಯಿತು, ಬಿಸ್ಕತ್ತೂ ಮುಟ್ಟುವುದು ಬಿಟ್ಟಳು.

ಅವತ್ತು ಬಯಲಿನ ಕಡೆಯಿಂದ ಜೋರು ಗಾಳಿ. ಫೋನು ಕೇಳಿಸದೆ ಅವಳು ಬೆಂಚಿನ ಮೇಲೆ ತಿರುಗಿ ಸ್ಟೇಷನ್ನಿಗೆ ಮುಖ ಮಾಡಿ ಕೂತಳು. ಊಟ ಆಯ್ತು, ಒಂದು. ಚೆನ್ನಾಗಿದೀನಿ, ಎರಡು. ಕೆಲಸ ಮುಗೀತಾ ಬಂತು, ಮೂರು. ನಾನು ಕೈ ಕೆಳಗಿಳಿಸಿದೆ. ಆ ಕಡೆಯಿಂದ ಅಪ್ಪ ದಿನಾ ಕೇಳದೇ ಇದ್ದದ್ದನ್ನು ಏನೋ ಕೇಳಿರಬೇಕು. ಅವಳ ಕೈ ಮತ್ತೆ ಜಡೆಗೆ ಹೋಯಿತು. ನನ್ನ ಹತ್ತಿರ ನಾಲ್ಕನೇ ಬ್ಯಾಂಕು ಇರಲಿಲ್ಲ.

"ಇಲ್ಲಪ್ಪಾ, ಮನೆ ಏನೂ ನೆನಪಾಗಲ್ಲ."

ವೋಲ್ಟೇಜ್ ಇಷ್ಟು ದಿನ ಕಂಡಿರದಷ್ಟು ಕೆಳಗೆ ಬಿತ್ತು. ಸ್ಟೇಷನ್ನಿನ ದೀಪಗಳೆಲ್ಲ ಬೀಡಿಯ ತುದಿಯ ಹಾಗೆ ಕೆಂಪಗಾಗಿ ನಿಧಾನ ಏರಿದವು. ಆ ಅರೆಬೆಳಕಿನಲ್ಲಿ ಕಿಟಕಿಯೊಳಗೆ ಸ್ವಿಚ್ಚಿನ ಮುಂದೆ ಪೆಚ್ಚಾಗಿ ಕೂತ ನನ್ನನ್ನು ಅವಳು ನೋಡಿದಳು. ತನ್ನ ಕೈಯಲ್ಲಿದ್ದ ಜಡೆಯನ್ನು ನೋಡಿಕೊಂಡಳು. "ಆಮೇಲ್ ಮಾಡ್ತೀನಪ್ಪಾ" ಎಂದು ಫೋನಿಟ್ಟು ಒಳಗೆ ಬಂದಳು.

"ಸಾರ್, ಆ ಮೂರು ಮೆಟ್ಟಿಲು... ಅದು ನಾನಾ?"

ಕಾಫಿ, ಸಕ್ಕರೆ ಯಾವುದೂ ನೆನಪಿಗೆ ಬರಲಿಲ್ಲ. "ಹೌದಮ್ಮ."

"ಅಕ್ಟೋಬರಿಂದ?"

"ಎರಡನೇ ದಿನದಿಂದ. ಮೊದಲನೇ ದಿನ ಗಿರಣಿ ನಿಂತ್ಹೋಯ್ತು."

ಅವಳು ನಗಲು ಹೋಗಿ ಅತ್ತಳು, ಅಳಲು ಹೋಗಿ ನಕ್ಕಳು. ಎರಡೂ ನಿಜವಿದ್ದದ್ದರಿಂದ ದೀಪಕ್ಕೆ ಏನೂ ಆಗಲಿಲ್ಲ.

ಮಾರನೆಯ ಬೆಳಗ್ಗೆ ಪೆಟ್ಟಿಗೆಯಲ್ಲಿ ಅವಳ ಅಕ್ಷರದ ಚೀಟಿ ಇತ್ತು: "ಸಂಜೆ 7:15. ಸುಳ್ಳು ಇಲ್ಲ. ಬ್ಯಾಂಕು ಬೇಡ." ಮೂವತ್ತೊಂದು ವರ್ಷದಲ್ಲಿ ನಿಜ ಹೇಳುತ್ತೇನೆಂದು ಚೀಟಿ ಹಾಕಿದವರು ಇವಳೊಬ್ಬಳೇ. ಆ ಸಂಜೆ ನಾನು ಕಿಟಕಿಯಲ್ಲಿ ಕೈಕಟ್ಟಿ ಕೂತೆ. ಊಟ ಸೇರುತ್ತಿಲ್ಲ, ಪ್ರಬಂಧ ಎರಡೂ ವಾಪಸು ಬಂದಿವೆ, ಕೆಲಸ ಮುಗಿಯುತ್ತದೋ ಇಲ್ಲವೋ ತಿಳಿಯದು, ದಿನಾ ಮನೆ ನೆನಪಾಗುತ್ತದೆ, ಎಲ್ಲ ಹೇಳಿದಳು. ಜಡೆ ಬೆನ್ನ ಮೇಲೇ ಇತ್ತು. ಮೀಟರಿನ ಮುಳ್ಳು ಕೂದಲೆಳೆಯಷ್ಟೂ ಕದಲಲಿಲ್ಲ.

"ಏನಂದ್ರು?" ಎಂದು ಕೇಳಿದೆ.

"'ನಾಳೆ ಬರ್ತೀನಿ' ಅಂದ್ರು. ಅಷ್ಟೇ."

ಬಂದರು. ಸಣ್ಣ ಮೈಕಟ್ಟು, ಕರಿ ಟೋಪಿ, ಬಿಸಿಲಲ್ಲೂ ಕೋಟು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಸಿಕೊಂಡು ತಂದಿದ್ದರು. ಮಗಳು ನಾಲ್ಕು ರೊಟ್ಟಿ ತಿನ್ನುವವರೆಗೂ ಎದುರಿನಿಂದ ಏಳಲಿಲ್ಲ. ನಮ್ಮೂರಿನ ಪದ್ಧತಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸಂಜೆ ಅಪ್ಪ ಮಗಳು ಹೋಗಿ ಆ ಬೆಂಚಿನ ಮೇಲೇ ಕೂತರು. ಕಿಟಕಿ ತೆರೆದಿತ್ತು, ನಾನು ಡ್ಯೂಟಿಯಲ್ಲಿದ್ದೆ.

"ನನ್ನ ಕಥೆ ಆಯ್ತು. ಅಂಗಡಿ ಹೆಂಗ್ ನಡೀತಿದೆ ಅಪ್ಪಾ?"

ಆಚಾರ್ರ ಎರಡೂ ಕೈ ಕೋಟಿನ ಜೇಬಿಗೆ ಹೋದವು.

ಅಷ್ಟು ಕಂಡಿದ್ದೇ ನನ್ನ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಐದು ತಿಂಗಳ ಅಭ್ಯಾಸ. ಮೂರೂ ಬ್ಯಾಂಕು ತಯಾರಿದ್ದವು, ಒಂದು ತಿರುಗಿಸಿದರೆ ಮುಗಿಯಿತು. ಮುದುಕರ ಮಾನ ಉಳಿಯುತ್ತದೆ, ಮಗಳು ನೆಮ್ಮದಿಯಾಗಿರುತ್ತಾಳೆ, ಫಕೀರಪ್ಪನ ರಾಗಿಯೂ ಬೀಸಿ ಮುಗಿಯುತ್ತದೆ. ಆದರೆ ಇಷ್ಟು ದಿನ ನಾನು ಹೀಗೆ ಉಳಿಸಿದ್ದಾದರೂ ಏನನ್ನು? ಅವಳು ಒಬ್ಬಳೇ ಕೂತು ಸೊರಗಿದ್ದನ್ನು. ಕೈಯನ್ನು ಹಿಂದಕ್ಕೆಳೆದು ತೊಡೆಯಡಿ ಇಟ್ಟುಕೊಂಡು ಅದರ ಮೇಲೆ ಕೂತುಬಿಟ್ಟೆ.

"ದಿನಾ ತೆಗೀತೀನಿ ಮಗಾ. ಕೈತುಂಬ ಕೆಲಸ."

ಊರಿಗೆ ಊರೇ ಮಂಕಾಯಿತು. ಗಿರಣಿಯ ಸದ್ದು ಎಳೆದುಕೊಂಡು ನಿಂತಿತು. ಆಚಾರ್ರು ಏನೂ ತಿಳಿಯದೆ ಮೇಲೆ ನೋಡಿದರು. ವಾರಿಜಾ ಮೇಲೆ ನೋಡಲಿಲ್ಲ, ಅವರ ಜೇಬು ನೋಡುತ್ತಿದ್ದಳು.

"ಅಪ್ಪಾ, ಕೈ ತೋರ್ಸು."

"ಏನಿದೆ ಕೈಲಿ?"

"ತೋರ್ಸಪ್ಪಾ."

ತೋರಿಸಿದರು. ಖಾಲಿ ತಕ್ಕಡಿಯ ಮುಳ್ಳಿನ ಹಾಗೆ ಎರಡೂ ಕೈ ನಿಲ್ಲದೆ ನಡುಗುತ್ತಿದ್ದವು. "ದೀಪಾವಳಿಯಿಂದ ಬಾಗ್ಲು ತೆಗೆದಿಲ್ಲ ಮಗಾ. ಮುಳ್ಳು ನಿಲ್ಸೋ ಕೈಯೇ ನಿಲ್ತಿಲ್ಲ. ಯಾರ್ ತಕ್ಕಡಿ ಕೊಡ್ತಾರೆ ನನ್ ಕೈಗೆ?"

"ನನಗ್ಯಾಕ್ ಹೇಳ್ಲಿಲ್ಲ?"

"ನೀನು ಅಲ್ಲಿ ಚೆನ್ನಾಗಿದೀಯಲ್ಲ, ಅದೊಂದು ಧೈರ್ಯ ಇತ್ತು. ಅದನ್ನ್ಯಾಕೆ ಕೆಡಿಸ್ಲಿ ಅಂತ."

"ನಾನೂ ಹಂಗೇ ಅನ್ಕೊಂಡಿದ್ದೆ," ಎಂದು ಅವಳು ಆ ಎರಡು ಕೈಗಳನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. ಬೀದಿದೀಪಗಳು ಅಷ್ಟು ಹೊತ್ತಿಗೆ ಪೂರ್ತಿ ಬೆಳಗಿದ್ದವು.

ಫಕೀರಪ್ಪ ಹಿಟ್ಟಿನ ಮೈಯಲ್ಲೇ ಗೇಟಿಗೆ ಬಂದ. "ಯಾರ್ದಪ್ಪಾ ಇದು..." ಎಂದವನು ಬೆಂಚಿನ ಕಡೆ ನೋಡಿ ಅಲ್ಲೇ ನಿಂತ. ಆಮೇಲೆ ಮೆಲ್ಲಗೆ, "ರಾಗಿ ನಾಳೆ ಬೀಸಿದ್ರಾಯ್ತು ಬಿಡು ಹೊನ್ನಪ್ಪಾ," ಎಂದು ಹೋದ.

ನಾನು ರಿಜಿಸ್ಟರ್ ತೆಗೆದು ಬರೆದೆ: "7:22. ಇಳಿತ ಒಂದು. ಬ್ಯಾಂಕು ಹಾಕಿಲ್ಲ. ಕಾರಣ: ಅಪ್ಪ." ಬೆಳಗ್ಗೆ ವಾರಿಜಾ ಅದನ್ನು ಓದಿ, ನನ್ನ ಪೆನ್ನು ಇಸಕೊಂಡು, ಐದು ತಿಂಗಳ ಖಾಲಿ ಜಾಗದಲ್ಲೆಲ್ಲ ಒಂದೊಂದಾಗಿ "ಕಾರಣ: ಮಗಳು" ಎಂದು ತುಂಬಿದಳು. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಕೂಡಿತು. ಮೂರು ಮೆಟ್ಟಿಲೂ ತಮ್ಮ ತಮ್ಮ ಜಾಗದಲ್ಲಿ ಕೂತವು.

ಅಪ್ಪನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಮಾತ್ರೆ ಬರೆಸಿಕೊಂಡು ಬಂದಳು. ಉಳಿದ ದಿನಗಳಲ್ಲಿ ಯಂತ್ರ ಜೋಡಿಸಿದಳು. ಆಚಾರ್ರು ಪಕ್ಕದಲ್ಲಿ ಕೂತು, ತಿರುಪು ಎಷ್ಟು ಬಿಗಿಯಬೇಕೆಂದು ಬಾಯಲ್ಲಿ ಹೇಳುತ್ತಿದ್ದರು. ಮಾರ್ಚ್ ಇಪ್ಪತ್ತೆಂಟಕ್ಕೆ ಪರೀಕ್ಷೆ. ಊರೆಲ್ಲ ಸ್ಟೇಷನ್ನಿಗೆ ಬಂತು. ಒಂದು ಸುಳ್ಳು ಬೇಕೆಂದಾಗ ಫಕೀರಪ್ಪ ಎದೆಯುಬ್ಬಿಸಿ ಮುಂದೆ ಬಂದು, "ನಾನು ನನ್ ಹೆಂಡ್ತಿಗೆ ಹೆದರೋನಲ್ಲ!" ಎಂದ.

ದೀಪ ಇಳಿಯಿತು. ಒಂದು, ಎರಡು ಎನ್ನುವಷ್ಟರಲ್ಲಿ ಯಂತ್ರ ತಾನೇ ಬ್ಯಾಂಕು ಹಾಕಿ ಮೇಲೆತ್ತಿತು. ಜನ ಸಿಳ್ಳೆ ಹೊಡೆದರು, ಅವನ ಹೆಂಡತಿ ಎಲ್ಲರಿಗಿಂತ ಜೋರಾಗಿ.

ನನಗೆ ಒಂದು ಅನುಮಾನ. "ಎರಡು ಸೆಕೆಂಡ್ ತಡ ಆಗ್ತಿದೆಯಲ್ಲ ಡಾಕ್ಟ್ರಮ್ಮ? ನನ್ನ ಕೈಯೇ ಇದಕ್ಕಿಂತ ಚುರುಕಾಗಿತ್ತು."

"ಬೇಕಂತಲೇ ಇಟ್ಟಿದ್ದು ಸಾರ್. ಗಿರಣಿ ನಿಲ್ಲೋದಕ್ಕೆ ಮೂರು ಸೆಕೆಂಡ್ ಬೇಕು. ಎದುರಿಗೆ ಕೂತಿರೋರಿಗೆ ಕಾಣೋದಕ್ಕೆ ಎರಡು ಸಾಕು."

ಮೇಲಿನವರೂ ಅದನ್ನೇ ದೋಷವೆಂದು ಕೇಳಿ ಬರೆದಿದ್ದರು. "ಊರಿನವರ ಬಳಕೆಗೆ ಅಗತ್ಯ" ಎಂದು ಒಂದೇ ಸಾಲು ಉತ್ತರ ಕಳಿಸಿದಳು. ಒಪ್ಪಿದರು. ಅಪ್ಪನ ಊರಿನ ಹತ್ತಿರದ ಕಾಲೇಜಿನಲ್ಲೇ ಕೆಲಸವೂ ಸಿಕ್ಕಿತು.

ಹೊರಟ ಸಂಜೆ ಬಸ್ಸಿಗೆ ಕಾಯುತ್ತಾ ಅಪ್ಪ ಮಗಳು ಸ್ಟೇಷನ್ನಿನ ಗೇಟಿನಲ್ಲಿ ನಿಂತಿದ್ದರು. ಸಾಕಮ್ಮ ಚಕ್ಕುಲಿಯ ಡಬ್ಬಿ ಕೊಟ್ಟು ಸೆರಗಿನಲ್ಲಿ ಮೂಗೊರೆಸಿಕೊಂಡಳು. ದೂರದಲ್ಲಿ ಬಸ್ಸಿನ ದೀಪ ಕಂಡಿತು.

"ಏಳೂಕಾಲಕ್ಕೆ ಇನ್ನು ನಿಮಗೇನು ಕೆಲಸ ಸಾರ್?" ಎಂದು ವಾರಿಜಾ ಕೇಳಿದಳು.

"ನೋಡ್ಬೇಕು," ಎಂದೆ. ಹೋಗುವವರ ಮನಸ್ಸು ಭಾರ ಮಾಡಬಾರದು, ಗಟ್ಟಿಯಾಗಿ ಒಂದು ಮಾತು ಹೇಳಿ ಕಳಿಸೋಣ ಅನ್ನಿಸಿತು. "ನಮ್ದೇನೂ ಯೋಚನೆ ಮಾಡ್ಬೇಡಿ. ನೀವ್ ಹೋದ್ರೆ ನಮಗೇನೂ ಅನ್ಸಲ್ಲ. ಆರಾಮಾಗಿ ಹೋಗ್ಬನ್ನಿ."

ಗೇಟಿನ ದೀಪ ಕೆಂಪಗಾಯಿತು. ಅದರ ಹಿಂದೆಯೇ ಬೀದಿಯ ದೀಪಗಳು, ಸಾಲಾಗಿ, ಊರಿನ ಕೊನೆಯವರೆಗೂ. ನನ್ನ ಕೈ ಗಾಳಿಯಲ್ಲಿ ಸ್ವಿಚ್ಚು ಹುಡುಕಿತು. ಅಲ್ಲಿ ಯಾವ ಸ್ವಿಚ್ಚೂ ಇರಲಿಲ್ಲ.

ಒಂದು. ಎರಡು.

ಎಲ್ಲ ಮೊದಲಿನಂತೆ ಬೆಳಗಿತು. ಅಷ್ಟರಲ್ಲಿ ಅವಳು ನೋಡಿಯಾಗಿತ್ತು.